ಕ್ರೀಡಾಂಗಣದ ತೆರಿಗೆಗೆ ಮತ ಹಾಕುವ ಮುನ್ನ ಓದಬೇಕಾದ ಕಾಗದಗಳು

ಕರ್ನಾಟಕದಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ರಸೀದಿಯಲ್ಲಿ ಗ್ರಂಥಾಲಯದ ಹೆಸರಿನಲ್ಲಿ, ಆರೋಗ್ಯದ ಹೆಸರಿನಲ್ಲಿ, ಭಿಕ್ಷುಕರ ಪುನರ್ವಸತಿಯ ಹೆಸರಿನಲ್ಲಿ ಸೇರಿಕೊಂಡಿರುವ ಉಪಕರಗಳು ನೆನಪಿರುತ್ತವೆ. ಅವುಗಳನ್ನು ಹಾಕುವ ಮುನ್ನ ನಮ್ಮನ್ನು ಯಾರೂ ಕೇಳಿರಲಿಲ್ಲ. ಅಮೆರಿಕದಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿಯ ಪೌರತ್ವ ಪಡೆದು ನೆಲೆಸಿರುವ ಕನ್ನಡಿಗರಿಗೆ, ಊರಿನ ಬೇಸ್‌ಬಾಲ್ ಅಥವಾ ಫುಟ್‌ಬಾಲ್ ತಂಡದ ಕ್ರೀಡಾಂಗಣಕ್ಕಾಗಿ ಮಾರಾಟ ತೆರಿಗೆ ವಿಧಿಸಬಹುದೇ ಎಂದು ಕೇಳುವ ಮತಪತ್ರ ಒಂದಲ್ಲ ಒಂದು ವರ್ಷ ಕೈಗೆ ಬರಬಹುದು. ಇಂಥ ತೆರಿಗೆಗಳ ಬಗ್ಗೆ ಅಲ್ಲಿಯ ಜನರಲ್ಲಿ ಆಳವಾದ ಅಪನಂಬಿಕೆ ಇದೆ ಮತ್ತು ಅದಕ್ಕೆ ಸಾಕಷ್ಟು ಆಧಾರವೂ ಇದೆ. ಆದರೆ ಮಾಲೀಕರು ಕೋಟ್ಯಧೀಶರು ಎಂಬ ಸಿಟ್ಟಿನಿಂದ ‘ಇಲ್ಲ’ ಎನ್ನುವುದಾಗಲಿ, ತಂಡದ ಮೇಲಿನ ಅಭಿಮಾನದಿಂದ ‘ಹೌದು’ ಎನ್ನುವುದಾಗಲಿ ಲೆಕ್ಕ ನೋಡಿದಂತಾಗುವುದಿಲ್ಲ. ಮತಪತ್ರ ಕೇಳುವುದು ತೆರಿಗೆಯ ಬಗ್ಗೆ ಮಾತ್ರ. ಜನರ ದುಡ್ಡು ಎಷ್ಟು ಹೋಗುತ್ತದೆ ಎಂಬುದು ತೀರ್ಮಾನವಾಗುವುದು ಕಟ್ಟಡಕ್ಕಾಗಿ ಸರ್ಕಾರ ಸಾಲ ಎತ್ತುವ ಬಾಂಡಿನ ಕಾಗದದಲ್ಲಿ ಮತ್ತು ತಂಡದೊಂದಿಗಿನ ಬಾಡಿಗೆಯ ಒಪ್ಪಂದವಾದ ಲೀಸ್ ಕರಾರಿನಲ್ಲಿ. ಹೀಗಾಗಿ ಆ ಎರಡನ್ನು ಹುಡುಕಿ ಓದುವುದೇ ಇಲ್ಲಿ ಮುಖ್ಯವಾದ ಕೆಲಸ.

ಮೊದಲು ಮತಪತ್ರದ ವಾಕ್ಯವನ್ನೇ ನಿಧಾನವಾಗಿ ಓದಿ, ತೆರಿಗೆಯ ದರ ಮತ್ತು ಅವಧಿ ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಿಸೌರಿ ರಾಜ್ಯದ ಜಾಕ್ಸನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) 2024ರ ಏಪ್ರಿಲ್ 2ರಂದು ಇಂಥದೊಂದು ಪ್ರಶ್ನೆ ಜನರ ಮುಂದೆ ಬಂತು. ಕ್ಯಾನ್ಸಸ್ ಸಿಟಿಯ ರಾಯಲ್ಸ್ ಎಂಬ ಬೇಸ್‌ಬಾಲ್ ತಂಡ ಮತ್ತು ಚೀಫ್ಸ್ ಎಂಬ ಫುಟ್‌ಬಾಲ್ ತಂಡಗಳಿಗಾಗಿ ಆಗಲೇ ವಸೂಲಾಗುತ್ತಿದ್ದ, 2031ಕ್ಕೆ ಮುಗಿಯಬೇಕಿದ್ದ ಮಾರಾಟ ತೆರಿಗೆಯನ್ನು ರದ್ದುಮಾಡಿ, ಅದೇ ದರದ ತೆರಿಗೆಯನ್ನು ಹೊಸದಾಗಿ 40 ವರ್ಷಗಳಿಗೆ ಹಾಕಬಹುದೇ ಎಂಬುದು ಆ ಪ್ರಶ್ನೆ. ಡಾಲರಿಗೆ ಒಂದು ಸೆಂಟಿನ ಎಂಟನೆಯ ಮೂರು ಭಾಗ, ಅಂದರೆ 100 ಡಾಲರಿನ ಸಾಮಾನಿಗೆ ಮೂವತ್ತೇಳೂವರೆ ಸೆಂಟ್. ದರ ಏರುವುದಿಲ್ಲ ಎಂದು ಪ್ರಚಾರದಲ್ಲಿ ಹೇಳಿದ್ದು ನಿಜವೇ ಆಗಿತ್ತು; ಆದರೆ ಏರಿದ್ದು ವರ್ಷಗಳ ಸಂಖ್ಯೆ. ವರ್ಷಕ್ಕೆ 20,000 ಡಾಲರಿನಷ್ಟು ತೆರಿಗೆ ಬೀಳುವ ಖರೀದಿ ಮಾಡುವ ಮನೆಗೆ ಈ ಲೆಕ್ಕದಲ್ಲಿ ವರ್ಷಕ್ಕೆ 75 ಡಾಲರ್, 40 ವರ್ಷಕ್ಕೆ 3,000 ಡಾಲರ್ ಬೀಳುತ್ತದೆ. ನಿಮ್ಮ ಮನೆಯ ಖರ್ಚಿನ ಅಂಕಿಯನ್ನು ಹಾಕಿ ಈ ಗುಣಾಕಾರವನ್ನು ನೀವೇ ಮಾಡಿ ನೋಡಬೇಕು.

ಆ ಚುನಾವಣೆಯಲ್ಲಿ ಸುಮಾರು ಶೇ. 58ರಷ್ಟು ಮತದಾರರು ‘ಇಲ್ಲ’ ಎಂದರು. ಸೋಲಿಗೆ ತೆರಿಗೆಯ ಮೊತ್ತಕ್ಕಿಂತ ಕಾಗದಗಳ ಕೊರತೆ ಹೆಚ್ಚು ಕಾರಣವಾಯಿತೆಂದು ನನ್ನ ಅಭಿಪ್ರಾಯ. ರಾಯಲ್ಸ್ ತಂಡ ಹೊಸ ಕ್ರೀಡಾಂಗಣದ ಜಾಗವನ್ನು ಪ್ರಕಟಿಸಿದ್ದು ಮತದಾನಕ್ಕೆ ಎರಡು ತಿಂಗಳೂ ಇಲ್ಲದಿರುವಾಗ, ಫೆಬ್ರುವರಿಯಲ್ಲಿ. ಲೀಸ್ ಕರಾರುಗಳು ಮತದಾನದ ದಿನಕ್ಕೂ ಅಂತಿಮ ರೂಪಕ್ಕೆ ಬಂದಿರಲಿಲ್ಲ. ಕೌಂಟಿಯ ಮುಖ್ಯಸ್ಥರಾಗಿದ್ದ ಫ್ರಾಂಕ್ ವೈಟ್ ಈ ಪ್ರಸ್ತಾವವನ್ನು ಮತಪತ್ರಕ್ಕೆ ಹಾಕುವುದನ್ನೇ ತಡೆಯಲು ನಿರಾಕರಣಾಧಿಕಾರ ಚಲಾಯಿಸಿದರು, ಕೌಂಟಿಯ ಶಾಸಕರು ಅದನ್ನು ತಳ್ಳಿಹಾಕಿದರು. ಇದೇ ವೈಟ್ ಹಿಂದೆ ರಾಯಲ್ಸ್ ತಂಡದ ಹೆಸರಾಂತ ಆಟಗಾರ. ಹಳೆಯ ಕ್ರೀಡಾಂಗಣದಲ್ಲಿ ಅವರ ಪ್ರತಿಮೆಯೇ ಇದೆ. ಆದ್ದರಿಂದ ಲೆಕ್ಕ ಕೇಳುವವರೆಲ್ಲರೂ ಆಟದ ವಿರೋಧಿಗಳು ಎಂಬ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಎರಡನೆಯದಾಗಿ, ತೆರಿಗೆ ಯಾರ ಜೇಬಿನಿಂದ ಬರುತ್ತದೆ ಎಂಬುದನ್ನು ನೋಡಿ. ಹೋಟೆಲ್ ಕೊಠಡಿಯ ಮೇಲಿನ ತೆರಿಗೆಯನ್ನು ‘ಹೊರಗಿನವರು ಕೊಡುತ್ತಾರೆ’ ಎಂದು ಪರಿಚಯಿಸುವುದು ವಾಡಿಕೆ. ಲಾಸ್ ವೇಗಾಸ್ ನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ 2016ರಲ್ಲಿ ಒಪ್ಪಿದ 75 ಕೋಟಿ ಡಾಲರ್ ಇಂಥ ತೆರಿಗೆಯಿಂದ ಬರುವುದೆಂದು ತೀರ್ಮಾನವಾಯಿತು. ಪ್ರವಾಸಿಗಳಿಂದಲೇ ಬದುಕುವ ಊರಿಗೆ ಆ ಮಾತು ಬಹಳಮಟ್ಟಿಗೆ ಒಪ್ಪುತ್ತದೆ. ಆದರೆ ಆ ಹಣವೂ ಸಾರ್ವಜನಿಕ ಹಣವೇ, ಅದನ್ನು ಬೇರೆ ಕೆಲಸಕ್ಕೆ ಬಳಸಬಹುದಿತ್ತು. ಸ್ಯಾನ್ ಡಿಯಾಗೋದಲ್ಲಿ ಅದೇ ವರ್ಷ ಚಾರ್ಜರ್ಸ್ ತಂಡಕ್ಕಾಗಿ ಹೋಟೆಲ್ ತೆರಿಗೆ ಏರಿಸುವ ಪ್ರಸ್ತಾವಕ್ಕೆ ಅರ್ಧದಷ್ಟು ಮತವೂ ಬೀಳಲಿಲ್ಲ.

ಮೂರನೆಯದು ಬಾಂಡು. ಸುದ್ದಿಯಲ್ಲಿ ಬರುವ ಮೊತ್ತ ಸಾಮಾನ್ಯವಾಗಿ ಅಸಲು ಮಾತ್ರ. ಮನೆ ಸಾಲ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಮಯಾಮಿಯ ಉದಾಹರಣೆ ಕೇಳಿದರೆ ಅವರಿಗೂ ಎದೆ ಝಲ್ಲೆನ್ನಬಹುದು. ಮಾರ್ಲಿನ್ಸ್ ತಂಡದ ಕ್ರೀಡಾಂಗಣಕ್ಕಾಗಿ ಮಯಾಮಿ-ಡೇಡ್ ಕೌಂಟಿ ಎತ್ತಿದ ಸಾಲಗಳಲ್ಲಿ 9.1 ಕೋಟಿ ಡಾಲರಿನ ಒಂದು ಕಂತಿದೆ. ಮೊದಲ ವರ್ಷಗಳಲ್ಲಿ ಮರುಪಾವತಿಯನ್ನು ಮುಂದೂಡಿ ಬಡ್ಡಿ ಬೆಳೆಯಲು ಬಿಟ್ಟಿದ್ದರಿಂದ, 2048ರ ಹೊತ್ತಿಗೆ ಅದೊಂದಕ್ಕೇ ಸುಮಾರು 120 ಕೋಟಿ ಡಾಲರ್ ತೆರಬೇಕಾಗುತ್ತದೆ. ಆದ್ದರಿಂದ ಅಸಲು ಮತ್ತು ಬಡ್ಡಿ ಸೇರಿದ ಒಟ್ಟು ಮರುಪಾವತಿಯ ಪಟ್ಟಿಯನ್ನು, ವರ್ಷವಾರು, ಕೌಂಟಿಯ ಹಣಕಾಸು ಕಚೇರಿಯಿಂದ ಕೇಳಿ ಪಡೆಯಿರಿ. ಕೊಡದಿದ್ದರೆ ಲಿಖಿತ ಅರ್ಜಿ ಹಾಕಬಹುದು. ಮಿಸೌರಿಯಲ್ಲಿ ಇದಕ್ಕಿರುವ ಕಾನೂನನ್ನು ‘ಸನ್‌ಶೈನ್ ಲಾ’ ಎನ್ನುತ್ತಾರೆ, ನಮ್ಮ ಮಾಹಿತಿ ಹಕ್ಕಿನ ಅರ್ಜಿಗೆ ಅದು ಹತ್ತಿರದ ಬಂಧು.

ಈಗ ಲೀಸ್ ಕರಾರು. ಹೆಚ್ಚಿನ ಹೊತ್ತು ಕೊಡಬೇಕಾದದ್ದು ಇದಕ್ಕೆ, ಏಕೆಂದರೆ ಕ್ರೀಡಾಂಗಣ ಕೌಂಟಿಯ ಹೆಸರಿನಲ್ಲಿದ್ದು ತಂಡ ಬಾಡಿಗೆಗಿರುವ ಏರ್ಪಾಡಿನಲ್ಲಿ ಮನೆ ಮಾಲೀಕ ಯಾರು, ಬಾಡಿಗೆದಾರ ಯಾರು ಎಂಬುದೇ ಎಷ್ಟೋ ಸಲ ತಲೆಕೆಳಗಾಗಿರುತ್ತದೆ. ಒಹಾಯೊ ರಾಜ್ಯದ ಹ್ಯಾಮಿಲ್ಟನ್ ಕೌಂಟಿಯ ಜನ 1996ರಲ್ಲಿ ಸಿನ್ಸಿನಾಟಿಯ ಎರಡು ತಂಡಗಳಿಗಾಗಿ ಅರ್ಧ ಸೆಂಟ್ ಮಾರಾಟ ತೆರಿಗೆಯನ್ನು ಒಪ್ಪಿದರು. ಬದಲಿಗೆ ಮನೆಯವರ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವುದಾಗಿ ಮಾತು ಸಿಕ್ಕಿತ್ತು. ಆಮೇಲೆ ಬೆಂಗಾಲ್ಸ್ ತಂಡದೊಂದಿಗೆ ಆದ ಕರಾರಿನಲ್ಲಿ, ಮುಂದೆ ಬರಬಹುದಾದ ಹೊಸ ಸಲಕರಣೆಗಳ ಖರ್ಚನ್ನೂ ಕೌಂಟಿಯೇ ಹೊರಬೇಕೆಂಬ ಪಟ್ಟಿ ಸೇರಿತು, ಅದರಲ್ಲಿ ಆಗಿನ್ನೂ ಬಳಕೆಗೇ ಬಂದಿರದ ಹೊಲೊಗ್ರಾಫಿಕ್ ಮರುಪ್ರದರ್ಶನದ ಯಂತ್ರವೂ ಇತ್ತು. ತೆರಿಗೆಯ ವಸೂಲಿ ಅಂದಾಜಿಗಿಂತ ಕಡಿಮೆಯಾದಾಗ ಕತ್ತರಿ ಬಿದ್ದದ್ದು ಮನೆಯವರಿಗೆ ಕೊಟ್ಟ ರಿಯಾಯಿತಿಗೆ. ಸೇಂಟ್ ಲೂಯಿಸ್‌ನ ಕಥೆ ಇನ್ನೂ ಚುರುಕಾಗಿದೆ. ಅಲ್ಲಿ 1995ರಲ್ಲಿ ತೆರೆದ ಕ್ರೀಡಾಂಗಣವು 2005ರಲ್ಲಿ, ಮತ್ತೆ 2015ರಲ್ಲಿ ದೇಶದ ಫುಟ್‌ಬಾಲ್ ಕ್ರೀಡಾಂಗಣಗಳ ಪೈಕಿ ಮೇಲಿನ ಕಾಲು ಭಾಗದಲ್ಲಿರಬೇಕು, ಇಲ್ಲವಾದರೆ ರ‍್ಯಾಮ್ಸ್ ತಂಡ ದೀರ್ಘಾವಧಿಯ ಕರಾರಿನಿಂದ ಬಿಡಿಸಿಕೊಳ್ಳಬಹುದು ಎಂಬ ಷರತ್ತಿತ್ತು. ಬೇರೆ ಊರುಗಳು ಹೊಸದು ಕಟ್ಟಿದಂತೆಲ್ಲ ಈ ಊರಿನ ಕಟ್ಟಡ ತಾನಾಗಿಯೇ ಹಿಂದೆ ಬೀಳುವಂಥ ಷರತ್ತು ಅದು. ತಂಡ 2016ರಲ್ಲಿ ಲಾಸ್ ಏಂಜಲಿಸ್‌ಗೆ ಹೊರಟುಹೋಯಿತು, ಕಟ್ಟಡದ ಸಾಲ ಊರಲ್ಲೇ ಉಳಿಯಿತು.

ಹಾಗಾಗಿ ಕರಾರನ್ನು ಓದುವಾಗ ಕಟ್ಟುವ ಖರ್ಚು ಅಂದಾಜು ಮೀರಿದರೆ ಹೆಚ್ಚುವರಿ ಯಾರದು, ದುರಸ್ತಿ ಯಾರದು, ಪಾರ್ಕಿಂಗ್ ಮತ್ತು ಸಂಗೀತ ಕಾರ್ಯಕ್ರಮಗಳ ಹುಟ್ಟುವಳಿ ಯಾರಿಗೆ, ಕ್ರೀಡಾಂಗಣಕ್ಕೆ ಕಂಪನಿಯೊಂದರ ಹೆಸರಿಟ್ಟರೆ ಬರುವ ಹಣ ಯಾರಿಗೆ, ತಂಡ ಅವಧಿಗೆ ಮುನ್ನ ಹೊರಟರೆ ಉಳಿದ ಸಾಲವನ್ನು ತೀರಿಸುತ್ತದೆಯೇ ಎಂಬ ಸಾಲುಗಳಿಗೆ ಅಡಿಗೆರೆ ಹಾಕಿಕೊಳ್ಳಿ. ತಂಡವನ್ನು ಮಾರಿದರೆ ಲಾಭದಲ್ಲಿ ಜನರಿಗೆ ಪಾಲಿದೆ ಎಂದಿದ್ದರೆ, ಲಾಭವನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬ ವ್ಯಾಖ್ಯೆಯನ್ನು ಬಿಡದೆ ಓದಿ. ಮಾರ್ಲಿನ್ಸ್ ತಂಡ 2017ರಲ್ಲಿ 120 ಕೋಟಿ ಡಾಲರಿಗೆ ಮಾರಾಟವಾದಾಗ, ಸಾಲ, ತೆರಿಗೆ ಮುಂತಾದವನ್ನು ಕಳೆದು ತೋರಿಸಿದ ಲೆಕ್ಕದಲ್ಲಿ ಲಾಭದ ಬದಲು ನಷ್ಟ ಕಾಣಿಸಿತು. ಕೌಂಟಿ ಮತ್ತು ನಗರ ನ್ಯಾಯಾಲಯಕ್ಕೆ ಹೋದ ಮೇಲೆ ರಾಜಿಯಲ್ಲಿ ಸಿಕ್ಕಿದ್ದು 42 ಲಕ್ಷ ಡಾಲರ್. ಕರಾರು ಇನ್ನೂ ಕರಡೇ ಆಗಿದ್ದರೆ, ಇಲ್ಲವೇ ಮತದಾನದ ನಂತರ ತೋರಿಸುತ್ತೇವೆ ಎಂದರೆ, ಅದನ್ನು ‘ಇಲ್ಲ’ ಎನ್ನಲು ಸಾಕಾದ ಕಾರಣವೆಂದೇ ನಾನು ಎಣಿಸುತ್ತೇನೆ.

ಉದ್ಯೋಗ ಮತ್ತು ವ್ಯಾಪಾರ ಹೆಚ್ಚುತ್ತದೆ ಎಂಬ ವರದಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರೋಜರ್ ನಾಲ್, ಆಂಡ್ರ್ಯೂ ಜಿಂಬಲಿಸ್ಟ್ ಮೊದಲಾದ ಅರ್ಥಶಾಸ್ತ್ರಜ್ಞರು 1990ರ ದಶಕದಿಂದಲೂ ಹೇಳುತ್ತ ಬಂದಿರುವಂತೆ, ಆಟಕ್ಕೆ ಖರ್ಚಾಗುವ ಹಣದ ಬಹುಭಾಗ ಅದೇ ಊರಿನ ಸಿನಿಮಾ ಮಂದಿರಕ್ಕೋ ಹೋಟೆಲಿಗೋ ಹೋಗಬೇಕಿದ್ದ ಹಣ. ವರದಿ ಬರೆಸಿದವರು ಯಾರು ಎಂದು ಮೊದಲ ಪುಟದಲ್ಲಿ ನೋಡಿಕೊಂಡರೆ ಸಾಕು.

ಜನ ಒಪ್ಪಿದ ಉದಾಹರಣೆಯನ್ನೂ ಪಕ್ಕದಲ್ಲಿಟ್ಟು ನೋಡುವುದು ನ್ಯಾಯ. ಒಕ್ಲಹೋಮ ಸಿಟಿಯಲ್ಲಿ 2023ರ ಡಿಸೆಂಬರಿನಲ್ಲಿ ಥಂಡರ್ ತಂಡದ ಹೊಸ ಕ್ರೀಡಾಂಗಣಕ್ಕೆ ಒಂದು ಸೆಂಟಿನ ತೆರಿಗೆಯನ್ನು ಸುಮಾರು ಶೇ. 71ರಷ್ಟು ಮತದಾರರು ಒಪ್ಪಿದರು. ಅದರ ಅವಧಿ 72 ತಿಂಗಳು. ಜೊತೆಗೆ ಆ ಊರಿನವರು 1993ರಿಂದ ಇಂಥ ಅಲ್ಪಾವಧಿಯ ತೆರಿಗೆಗಳಿಂದ ಕಟ್ಟಡಗಳು ಎದ್ದದ್ದನ್ನು ಕಣ್ಣಾರೆ ಕಂಡಿದ್ದರು. ಹಾಗೆಂದು ಹಂಚಿಕೆ ಸಮನಾಗಿತ್ತು ಎನ್ನುವಂತಿಲ್ಲ: ಕನಿಷ್ಠ 90 ಕೋಟಿ ಡಾಲರಿನ ಕಟ್ಟಡಕ್ಕೆ ತಂಡದ ಮಾಲೀಕರ ಪಾಲು 5 ಕೋಟಿ.

ಕೆಲವೆಡೆ ಮತದಾನವೇ ನಡೆಯುವುದಿಲ್ಲ. ಜಾರ್ಜಿಯಾದ ಕಾಬ್ ಕೌಂಟಿಯಲ್ಲಿ 2013ರ ನವೆಂಬರ್ 11ರಂದು ಬ್ರೇವ್ಸ್ ತಂಡದ ಸ್ಥಳಾಂತರ ಪ್ರಕಟವಾಯಿತು. ಕೌಂಟಿಯ ಮಂಡಳಿ ಅದೇ ತಿಂಗಳ 26ರಂದು ಒಪ್ಪಿಗೆ ಕೊಟ್ಟಿತು. ಸಿಯಾಟಲ್‌ನಲ್ಲಿ 1995ರಲ್ಲಿ ಜನ ಅಲ್ಪ ಅಂತರದಿಂದ ತಿರಸ್ಕರಿಸಿದ ಮೇಲೆ, ರಾಜ್ಯದ ಶಾಸಕಾಂಗವೇ ಬೇರೆ ತೆರಿಗೆಗಳ ದಾರಿ ಮಾಡಿಕೊಟ್ಟಿತು. ಜಾಕ್ಸನ್ ಕೌಂಟಿಯ ಮತದಾನ ಮುಗಿದು ಮೂರು ತಿಂಗಳಾಗುವ ಮೊದಲೇ ನೆರೆಯ ಕ್ಯಾನ್ಸಸ್ ರಾಜ್ಯ ಅದೇ ತಂಡಗಳನ್ನು ಕರೆಯಲು ಕಾನೂನು ಮಾಡಿತು. ಹೀಗಾಗಿ ಮತದಾನ ಮುಗಿದರೂ ಕೌಂಟಿ ಮಂಡಳಿಯ ಮತ್ತು ರಾಜ್ಯದ ಶಾಸಕಾಂಗದ ಕಾರ್ಯಸೂಚಿಗಳನ್ನು ಗಮನಿಸುತ್ತಿರಬೇಕು. ಸಾರ್ವಜನಿಕ ಅಹವಾಲಿಗೆ ಸಾಮಾನ್ಯವಾಗಿ ಸಿಗುವುದು ಎರಡು ಮೂರು ನಿಮಿಷ. ಭಾಷಣ ಮಾಡುವುದನ್ನು ಬಿಟ್ಟು, ಕರಾರಿನ ಪುಟಸಂಖ್ಯೆ ಹೇಳಿ ಒಂದೇ ಪ್ರಶ್ನೆ ಕೇಳಿ, ಉತ್ತರ ಲಿಖಿತವಾಗಿ ಬೇಕೆಂದು ಹೇಳಿದರೆ ಆ ಪ್ರಶ್ನೆ ಕಡತದಲ್ಲಿ ಉಳಿಯುತ್ತದೆ. ವೀಸಾದ ಮೇಲಿರುವವರಿಗೆ ಮತವಿಲ್ಲದಿದ್ದರೂ ಅಂಗಡಿಯಲ್ಲಿ ತೆರಿಗೆ ತಪ್ಪುವುದಿಲ್ಲವಾದ್ದರಿಂದ, ಅವರೂ ಪತ್ರ ಬರೆಯಬಹುದು.

ಕೊನೆಯದಾಗಿ, ತೆರಿಗೆ ನಿಲ್ಲುವ ದಿನಾಂಕವನ್ನು ಗುರುತು ಹಾಕಿಕೊಳ್ಳಿ. ದಿನಾಂಕದ ಬದಲು ‘ಸಾಲ ತೀರುವವರೆಗೆ’ ಎಂದಿದ್ದರೆ ಅಂದಾಜು ಮುಂದೆ ಮುಂದೆ ಹೋಗುತ್ತಿರುತ್ತದೆ. ಮಿಲ್ವಾಕಿ ಸುತ್ತಲಿನ ಐದು ಕೌಂಟಿಗಳಲ್ಲಿ ಬ್ರೂವರ್ಸ್ ತಂಡದ ಕ್ರೀಡಾಂಗಣಕ್ಕಾಗಿ 1996ರಲ್ಲಿ ಶುರುವಾದ ಶೇ. 0.1ರ ತೆರಿಗೆ ನಿಂತದ್ದು 2020ರ ಮಾರ್ಚ್ 31ಕ್ಕೆ. ಅದರ ಪರವಾಗಿ ಮತ ಹಾಕಿದ್ದ ಜಾರ್ಜ್ ಪೆಟಕ್ ಎಂಬ ರಾಜ್ಯ ಸೆನೆಟರನ್ನು ಮತದಾರರು 1996ರಲ್ಲೇ, ಅವಧಿ ಮುಗಿಯುವ ಮುನ್ನ ಹಿಂದಕ್ಕೆ ಕರೆಸುವ ಮತದಾನದಲ್ಲಿ, ಮನೆಗೆ ಕಳಿಸಿದ್ದರು, ತೆರಿಗೆ ಮಾತ್ರ ಇಪ್ಪತ್ತನಾಲ್ಕು ವರ್ಷ ಇತ್ತು. ಅದು ನಿಂತು ನಾಲ್ಕು ವರ್ಷ ತುಂಬುವ ಮೊದಲೇ, 2023ರ ಡಿಸೆಂಬರಿನಲ್ಲಿ, ಅದೇ ಕಟ್ಟಡದ ದುರಸ್ತಿಗೆ ರಾಜ್ಯ ಮತ್ತು ಸ್ಥಳೀಯ ಬೊಕ್ಕಸಗಳಿಂದ ಸುಮಾರು 50 ಕೋಟಿ ಡಾಲರ್ ಕೊಡುವ ಕಾನೂನಿಗೆ ಸಹಿ ಬಿತ್ತು.