ತಣ್ಣಗಿರುವ ತೈಲ ವಿದ್ಯುತ್ ಸ್ಥಾವರವನ್ನು ಚಾಲನೆಗೆ ತರುವ ಬಗೆ

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯವಿರುವ ಇಟ್ಟಿಗೆ ಕಟ್ಟಡವು 1981ರವರೆಗೆ ಬ್ಯಾಂಕ್‌ಸೈಡ್ ಎಂಬ ತೈಲ ವಿದ್ಯುತ್ ಸ್ಥಾವರವಾಗಿತ್ತು. ಅಂಥ ಸ್ಥಾವರವೊಂದು ಪೂರ್ತಿ ತಣ್ಣಗಾಗಿದ್ದರೆ ಅದನ್ನು ಮತ್ತೆ ಚಾಲನೆಗೆ ತರುವ ಕ್ರಮ ಹೀಗಿರುತ್ತದೆ.

ಮೊದಲು ತೈಲವನ್ನು ಬಿಸಿ ಮಾಡಬೇಕು. ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್‌ಗಳನ್ನು ತೆಗೆದ ಬಳಿಕ ಉಳಿಯುವ ಫರ್ನೆಸ್ ಆಯಿಲ್ ಚಳಿಗೆ ಕಾಕಂಬಿಯಂತೆ ಮಂದವಾಗುತ್ತದೆ. ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಪಂಪಿಗೆ ಒಗ್ಗುತ್ತದೆಯಾದರೂ, ಬರ್ನರ್‌ನಲ್ಲಿ ಮಂಜಿನಷ್ಟು ಸಣ್ಣ ಹನಿಗಳಾಗಿ ಚಿಮ್ಮಲು 100 ಡಿಗ್ರಿಯನ್ನೂ ಮೀರಿದ ಬಿಸಿ ಬೇಕು. ಹನಿ ದಪ್ಪವಾದರೆ ಅರ್ಧ ಉರಿದು ಮಸಿಯಾಗುತ್ತದೆ. ಇದನ್ನು ಕಾಯಿಸಲು ಬೇಕಾದ ಹಬೆಯೇ ಇನ್ನೂ ಇಲ್ಲದ ಕಾರಣ, ಪಕ್ಕದ ಚಿಕ್ಕ ಬಾಯ್ಲರ್‌ನಿಂದ ಹಬೆ ತರುತ್ತಾರೆ, ಇಲ್ಲವೇ ಮೊದಲ ಉರಿಗೆ ತೆಳುವಾದ ಡೀಸೆಲ್ ಬಳಸುತ್ತಾರೆ.

ಬೆಂಕಿ ಹಚ್ಚುವ ಮುನ್ನ ಫ್ಯಾನ್‌ಗಳನ್ನು ಕೆಲವು ನಿಮಿಷ ಓಡಿಸಿ ಕುಲುಮೆಯ ಗಾಳಿಯನ್ನೆಲ್ಲ ಹೊರಹಾಕಬೇಕು. ಒಳಗೆ ತೈಲದ ಆವಿ ಉಳಿದಿದ್ದರೆ ಮೊದಲ ಕಿಡಿಗೇ ಸ್ಫೋಟವಾಗಬಹುದು. ನಡುವೆ ಉರಿ ನಂದಿದಾಗಲೂ, ಎಷ್ಟೇ ಅವಸರವಿದ್ದರೂ, ಈ ಕೆಲಸವನ್ನು ಮರಳಿ ಮಾಡದೆ ಬರ್ನರ್ ಹಚ್ಚಲೇಬಾರದು.

ಬಾಯ್ಲರ್‌ನಲ್ಲಿ ನೀರು ಮತ್ತು ಹಬೆ ಬೇರ್ಪಡುವ ದಪ್ಪ ಉಕ್ಕಿನ ಡ್ರಮ್ ಒಮ್ಮೆಲೇ ಬಿಸಿಯಾದರೆ ಬಿರುಕು ಬಿಡುವ ಭಯವಿರುವುದರಿಂದ, ಉರಿಯನ್ನು ಗಂಟೆಗಟ್ಟಲೆ ಮೆಲ್ಲಗೆ ಏರಿಸುತ್ತಾರೆ.

ಅತ್ಯಂತ ನಾಜೂಕಿನ ಘಟ್ಟ, ಹಬೆಯ ಬಲದಿಂದ ತಿರುಗಿ ಜನರೇಟರನ್ನು ಓಡಿಸುವ ಟರ್ಬೈನ್‌ನದು. ಅದರ ತಿರುಗುವ ಭಾಗವಾದ, ಹಲವು ಟನ್ ತೂಕದ ರೋಟರ್ ಬಿಸಿಯಾಗಿರುವಾಗ ನಿಂತಲ್ಲೇ ನಿಂತರೆ ಮೇಲ್ಭಾಗ, ಕೆಳಭಾಗಗಳ ಬಿಸಿ ಬೇರೆಯಾಗಿ ಬಾಗುತ್ತದೆ. ಹೀಗಾಗಿ ಹಬೆ ಬಿಡುವ ಎಷ್ಟೋ ಮೊದಲೇ ಬೇರಿಂಗ್‌ಗಳಿಗೆ ಎಣ್ಣೆ ಹರಿಸಿ, ಮೋಟಾರಿನ ಟರ್ನಿಂಗ್ ಗೇರ್‌ನಿಂದ ಅದನ್ನು ನಿಧಾನವಾಗಿ ಸುತ್ತಿಸುತ್ತಾರೆ. ಬಳಸಿದ ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್‌ನಲ್ಲಿ ನಿರ್ವಾತ ಸಿದ್ಧವಾದ ಮೇಲೆ ಹಬೆಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ಲೋಹ ಸಮನಾಗಿ ಕಾಯುವವರೆಗೆ ವೇಗವನ್ನು ಅಲ್ಲಲ್ಲಿ ತಡೆಹಿಡಿಯುತ್ತಾರೆ. ಆದರೆ ಶಾಫ್ಟ್ ಜೋರಾಗಿ ಅದುರುವ ಕೆಲವು ವೇಗಗಳಲ್ಲಿ ತಂಗದೆ ಬೇಗನೆ ದಾಟಿಸಬೇಕು. 50 ಹರ್ಟ್ಸ್ ವಿದ್ಯುತ್ತಿಗೆ ಎರಡು ಧ್ರುವಗಳ ಜನರೇಟರ್ ನಿಮಿಷಕ್ಕೆ 3000 ಸುತ್ತು ತಿರುಗಬೇಕು.

ಜನರೇಟರ್‌ನ ವೋಲ್ಟೇಜ್, ಆವರ್ತನ, ಫೇಸ್ (ವಿದ್ಯುತ್ ಅಲೆಯ ಏರಿಳಿತದ ಹೊತ್ತು) ಮೂರೂ ಗ್ರಿಡ್‌ಗೆ, ಅಂದರೆ ಊರೂರಿಗೆ ವಿದ್ಯುತ್ ಒಯ್ಯುವ ಜಾಲಕ್ಕೆ, ಹೊಂದಿದ ಕ್ಷಣದಲ್ಲಿ ಬ್ರೇಕರ್ ಎಂಬ ದೊಡ್ಡ ಸ್ವಿಚ್ ಹಾಕಿ, ಲೋಡ್ ಏರಿಸುತ್ತಾರೆ. ತೈಲದ ಗಂಧಕವು ಹೊಗೆ ಅತಿಯಾಗಿ ತಣಿದಲ್ಲೆಲ್ಲ ಆಮ್ಲವಾಗಿ ಕೂತು ಲೋಹವನ್ನು ತಿನ್ನುವುದರಿಂದ ಹೊಗೆಯ ತಾಪದ ಮೇಲೆ ಸದಾ ಕಣ್ಣಿಡಬೇಕು. ಬ್ಯಾಂಕ್‌ಸೈಡ್‌ನಲ್ಲಿ ಈ ಗಂಧಕವನ್ನು ತಗ್ಗಿಸಲೆಂದೇ ಹೊಗೆಯನ್ನು ಥೇಮ್ಸ್ ನೀರಿನಲ್ಲಿ ತೊಳೆಯುತ್ತಿದ್ದರು.

ಸ್ಥಾವರವನ್ನು ನಿಲ್ಲಿಸಿದ ಮೇಲೂ ರೋಟರ್ ತಣಿಯುವವರೆಗೆ, ಕೆಲವೊಮ್ಮೆ ದಿನಗಟ್ಟಲೆ, ಟರ್ನಿಂಗ್ ಗೇರ್ ಅದನ್ನು ಸುತ್ತಿಸುತ್ತಲೇ ಇರಬೇಕು.