ಅಪ್ಪನ ಉದ್ರಿ ಪುಸ್ತಕ ಹಿಡಿದು ಊರೂರು ಸುತ್ತಿದ್ದು

ನಮ್ಮಪ್ಪ ಸೀರೆ ಮಾರುತ್ತಿದ್ದರು. ಬೆಟಗೇರಿಯ ನೇಕಾರರ ಮನೆಗಳಿಂದ ಸೀರೆ, ಕುಬಸದ ಖಣ ತಂದು ಗಂಟು ಕಟ್ಟಿಕೊಂಡು ಹೊರಡುವರು. ಮುಳಗುಂದ, ಲಕ್ಷ್ಮೇಶ್ವರ, ಸವಣೂರು, ಬಂಕಾಪುರ, ಹಾವೇರಿ, ಬ್ಯಾಡಗಿ. ವಾಪಸ್ ಯಾವಾಗ ಅಂತ ಅವರಿಗೇ ಗೊತ್ತಿರುತ್ತಿರಲಿಲ್ಲ. ಹೋದಲ್ಲೆಲ್ಲ ಜನರನ್ನು ನಗಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ, ಮೊಮ್ಮಕ್ಕಳಿಗಾಗಿ ಅವರ ಜೀವನ ಬರೆದಿಡಬೇಕು ಅಂತ ಕೂತೆ. ಡೈರಿ ಇಲ್ಲ, ಪತ್ರ ಇಲ್ಲ, ಫೋಟೋನೂ ಕಡಿಮೆ. ಇದ್ದದ್ದು ಉದ್ರಿ ಪುಸ್ತಕಗಳು. ಕೆಂಪು ಬಟ್ಟೆಯ ರಟ್ಟಿನ, ಉದ್ದುದ್ದನೆಯ ಪುಸ್ತಕ.

ಅವುಗಳಲ್ಲಿ ಅಪ್ಪ ಹೆಸರು ಬರೆದದ್ದೇ ಅಪರೂಪ. 'ಕೆರಿ ದಂಡಿ ಮನಿ, ಕೆಂಪು ದಡಿ, ರಾಶಿ ಆದ ಮ್ಯಾಲೆ.' 'ಎರಡು ಬಾಗಲದ ಮನಿ, ಖಣ ಎರಡು, ಮಗಳ ಕುಬಸಕ್ಕ.' 'ಜಗಳಗಂಟಿ ಮುದುಕಿ. ಅರ್ಧ ಕೊಟ್ಟಾಳ, ಅರ್ಧ ಬೈದಾಳ.' ದುಡ್ಡು ಬಂದರೆ ಆ ಸಾಲಿನ ಮೇಲೊಂದು ಗೀಟು. ಯಾವ ಊರು, ಯಾವ ಓಣಿ, ಯಾವ ಹಬ್ಬ ಎಲ್ಲ ಇದೆ. ಇಸವಿ ಮಾತ್ರ ಇಲ್ಲ.

ಇಸವಿ ಹುಡುಕೋಕೆ ಊರಿನ ನೆನಪನ್ನೇ ಹಿಡಿದೆ. ಒಂದು ಕಡೆ 'ಗಂಜಿ ಕೇಂದ್ರದ ಹಿಂದಿನ ಮನಿ' ಅಂತ ಬರೆದಿತ್ತು. ಆ ಊರಿನ ಹಿರಿಯರೊಬ್ಬರಿಗೆ ತೋರಿಸಿದೆ. 'ಅದು ಬರ ಬಿದ್ದಾಗಿಂದು ತಮ್ಮಾ' ಅಂದರು. 1972ರ ಬರ. ಆ ಪುಟಗಳಲ್ಲಿ ಗೀಟುಗಳೇ ಇಲ್ಲ. ಆದರೂ ಅಪ್ಪ ಆ ಮನೆಗಳಿಗೆ ಮತ್ತೆ ಮತ್ತೆ ಹೋಗಿದ್ದಾರೆ, ಮತ್ತೆ ಉದ್ರಿ ಕೊಟ್ಟಿದ್ದಾರೆ. ಇನ್ನೊಂದು ಕಡೆ 'ಹಾವೇರಿ ಜಿಲ್ಲಾ ಆತು. ಇನ್ನ ಇಲ್ಲಿ ಉದ್ರಿ ಬಂದ್' ಅಂತಿದೆ. ಅಂದರೆ 1997. ಅದರ ಕೆಳಗಿನ ಸಾಲೇ ಹಾವೇರಿಯ ಉದ್ರಿ! ಬ್ಯಾಡಗಿಯ ಪುಟಗಳು ಇನ್ನೂ ಸುಲಭ. ಅಲ್ಲಿ ಮೆಣಸಿನಕಾಯಿ ಪೇಟೆ ಸೋಮವಾರ, ಗುರುವಾರ. ಚೀಲ ಮಾರಿದ ರೈತರ ಕೈಯಲ್ಲಿ ರೊಕ್ಕ ಆಡುವ ದಿನ. ಅಪ್ಪನ ಬರವಣಿಗೆಯೂ ಅವತ್ತು ಅವಸರದ್ದು.

ಹೀಗೆ ಪುಸ್ತಕವನ್ನೇ ದಾರಿ ಮಾಡಿಕೊಂಡು ಹೋದೆ. 'ನಮ್ಮಪ್ಪನ ಬಗ್ಗೆ ಏನಾದ್ರೂ ಹೇಳ್ರಿ' ಅಂತ ಕೇಳಿದರೆ 'ಬಾಳ ಛಲೋ ಮನಷ್ಯಾ' ಅಂದು ಮುಗಿಸಿಬಿಡುತ್ತಾರೆ. ಅದರಿಂದ ಏನೂ ಬರೆಯೋಕೆ ಆಗಲ್ಲ. 'ಗಂಟು ಎಲ್ಲಿ ಇಳಸ್ತಿದ್ರು? ಮೊದಲು ಯಾರು ಬರ್ತಿದ್ರು?' ಅಂತ ಕೇಳಬೇಕು. ಆಗ ಕಟ್ಟೆ ತೋರಿಸುತ್ತಾರೆ, ಕಟ್ಟೆಯ ಮೇಲೆ ಕೂತವರು ನೆನಪಾಗುತ್ತಾರೆ, ಮಾತು ಹೊರಗೆ ಬರುತ್ತದೆ. ಸವಣೂರು ಕಡೆಯ ಒಬ್ಬ ಅಮ್ಮ ಹೇಳಿದ್ದು ಇದು. ಅವರ ಅತ್ತೆ ಸೀರೆ ಹಿಡಿದು 'ಬಣ್ಣ ಹೋಕ್ಕೈತೇನಪಾ?' ಅಂದರಂತೆ. ಅಪ್ಪ, 'ಹೋದ್ರ ಎಲ್ಲಿಗಿ ಹೋದೀತವ್ವಾ, ನಿಮ್ಮ ಬಚ್ಚಲಾ ದಾಟಂಗಿಲ್ಲ. ನನ್ನ ಬೆನ್ನ ಹತ್ತಿ ಅಂತೂ ಬರಂಗಿಲ್ಲ.' ಅತ್ತೆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು, 'ಹಂಗಾದ್ರ ರೊಕ್ಕಾನೂ ನಿನ್ನ ಬೆನ್ನ ಹತ್ತಿ ಬರಂಗಿಲ್ಲ ಬಿಡು' ಅಂದರಂತೆ. ಅಪ್ಪ ಮನೆಯಲ್ಲಿ ಇದನ್ನು ಹೇಳುವಾಗ ತಮ್ಮ ಮಾತಿಗೇ ನಿಲ್ಲಿಸುತ್ತಿದ್ದರು. ಉಳಿದರ್ಧ ಸವಣೂರಿನಲ್ಲಿ ಇತ್ತು. ಮಾತುಗಾರನ ಜೀವನ ಬರೆಯೋರು ಅವನ ಮನೆಯಲ್ಲೇ ಕೂತು ಬರೆಯೋಕೆ ಆಗಲ್ಲ ಅಂತ ನಾನು ಹೇಳೋದು ಇದಕ್ಕೇ.

ಕೇಳಿ, ಒಪ್ಪಿದವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅದೇ ರಾತ್ರಿ ಬರೆದಿಟ್ಟೆ, ಅವರು ಆಡಿದ ಹಾಗೇ. ತಿದ್ದಿ ಪುಸ್ತಕದ ಕನ್ನಡ ಮಾಡಿದರೆ ನಗುವೇ ಹೋಗುತ್ತದೆ. ಇನ್ನೊಂದು ನಿಯಮ ಇಟ್ಟುಕೊಂಡೆ. ಸರ್ವಜ್ಞನ ಅಬಲೂರು ಇರುವುದೂ ಅಪ್ಪ ಸುತ್ತಿದ ಹಾವೇರಿ ಜಿಲ್ಲೆಯಲ್ಲೇ. ಯಾರು ಆಡಿದ ಒಳ್ಳೆ ಮಾತಾದರೂ ಸರ್ವಜ್ಞನ ಹೆಸರಿಗೆ ಹೋಗುವ ಹಾಗೆ, ಈ ಊರುಗಳ ಚೇಷ್ಟೆ ಮಾತೆಲ್ಲ ಅಪ್ಪನ ಹೆಸರಿಗೆ ಬಂದುಬಿಟ್ಟಿದೆ. ಅದಕ್ಕೆ ಎಲ್ಲಿ ಆಡಿದರು, ಯಾರ ಮುಂದೆ ಆಡಿದರು ಅಂತ ಹೇಳೋಕೆ ಆಗದ ಜೋಕುಗಳನ್ನು ಬಿಟ್ಟೆ. ಎಷ್ಟೇ ಚೆನ್ನಾಗಿದ್ದರೂ ಬಿಟ್ಟೆ.

ಅವ್ವನ ಹತ್ತಿರ ಕೂತದ್ದು ಎಲ್ಲಕ್ಕಿಂತ ಕಷ್ಟ. ಅಪ್ಪ ಸುತ್ತುತ್ತಿದ್ದಾಗ ಮನೆ ನಡೆಸಿದವಳು ಅವಳು. ಒಮ್ಮೆ ಹೇಳಿದ್ದಕ್ಕಿಂತ ಬಹಳ ತಡವಾಗಿ ಬಂದಾಗ, 'ಇಷ್ಟ ದಿನಾ ಯಾರ ಮನ್ಯಾಗ ಉಂಡಿ?' ಅಂದಳಂತೆ. 'ಯಾರ ಮನ್ಯಾಗೂ ಹೊಟ್ಟಿತುಂಬ ಉಂಡಿಲ್ಲ, ನಿನ್ನ ರೊಟ್ಟಿಗೆ ಜಾಗಾ ಇಟಗೊಂಡು ಬಂದೀನಿ' ಅಂದರಂತೆ ಅಪ್ಪ. ಓಣಿಯವರು ಇದನ್ನು ಇಲ್ಲಿಗೇ ಹೇಳಿ ನಗುತ್ತಾರೆ. ಅವ್ವ ಮುಂದೆ ಹೇಳಿದಳು: 'ನಕ್ಕಿದ್ದು ಖರೆ. ಆದ್ರ ಆವತ್ತ ಡಬ್ಬ್ಯಾಗ ಜ್ವಾಳದ ಹಿಟ್ಟು ಇರಲಿಲ್ಲ. ಬಾಜೂ ಮನಿಯಿಂದ ಕಡಾ ತಂದು ರೊಟ್ಟಿ ಬಡದೆ.' ಇದು ಬೇಡ ಅಂತ ತಮ್ಮ ಹೇಳಿದ. ನಾನು ಪೂರ್ತಿ ಹಾಕಿದೆ. ಅಪ್ಪನ ತಿರುಗಾಟದ ಲೆಕ್ಕ ಯಾರ ಖಾತೆಗೆ ಬಿತ್ತು ಅನ್ನೋದು ಮೊಮ್ಮಕ್ಕಳಿಗೆ ತಿಳಿಯಲೇಬೇಕು, ಅಲ್ವಾ?

ಮೊಮ್ಮಕ್ಕಳದ್ದೇ ಒಂದು ಭಾಗ ಇದೆ. ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆ ಆದ ಮೇಲೆ ನನ್ನ ಮಗಳು ಅಜ್ಜನನ್ನು ಕರೆದುಕೊಂಡು ಹೋಗಿದ್ದಳು. 'ಇದರ ಮ್ಯಾಲೆ ನಡದ್ರ ಗದಗನ ಬರತೈತಿ, ಗಾಡಿ ಯಾಕ ಬೇಕು?' ಅಂದರು. 'ಅಜ್ಜಾ, ನೀ ಧಾರವಾಡದ ಕಡೆ ಮುಖ ಮಾಡಿ ನಿಂತೀಯಲ್ಲ' ಅಂದಳು ಅವಳು. ಅವಳ ಮಾತೂ ಪುಸ್ತಕದಲ್ಲಿದೆ.

ಗದಗಿನ ಒಂದು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದೆ. ಹುಟ್ಟು, ಮದುವೆ, ಸಾವು ಅಂತ ಜೋಡಿಸಲಿಲ್ಲ. ಅಪ್ಪ ಸುತ್ತಿದ ಊರುಗಳ ಸಾಲಿನಲ್ಲೇ ಜೋಡಿಸಿದೆ. ಪ್ರತಿ ಊರು ಮುಗಿದ ಮೇಲೆ ಖಾಲಿ ಹಾಳೆ ಬಿಟ್ಟಿದ್ದೇನೆ, ಯಾರಾದರೂ ಹೇಳಿದರೆ ಬರೆದುಕೊಳ್ಳೋಕೆ. ಲಕ್ಷ್ಮೇಶ್ವರದ ಸುತ್ತಲಿನ ಹಳ್ಳಿಗಳು ಇನ್ನೂ ಬಾಕಿ ಇವೆ. ಅಲ್ಲಿಗೆ ನಾಗರ ಪಂಚಮಿಗೇ ಹೋಗುವವನಿದ್ದೇನೆ. ಅಪ್ಪನಿಗೆ ಜಾಸ್ತಿ ವ್ಯಾಪಾರ ಆಗುತ್ತಿದ್ದದ್ದು ಆ ಹಬ್ಬಕ್ಕೇ. ಆಗ ಗಂಟಿನ ಸುತ್ತ ಕೂರುತ್ತಿದ್ದ ಹುಡುಗಿಯರು ಬೇರೆ ಬೇರೆ ಊರಿಗೆ ಮದುವೆಯಾಗಿ ಹೋಗಿದ್ದಾರೆ. ಅವರೆಲ್ಲ ತವರಿನಲ್ಲಿ ಒಟ್ಟಿಗೆ ಸಿಗುವುದು ಪಂಚಮಿಗೆ ಮಾತ್ರ.