ಐದು ಎಚ್‌ಪಿ ಎಂಜಿನ್ ಎರಡು ಸಿಲಿಂಡರ್ ಎಳೆಯಿತು

‘70 ಎಂಎಂ ಬೋರಿನ ಎರಡು ಸಿಲಿಂಡರಿನ ಏರ್ ಕಂಪ್ರೆಸರನ್ನು ಐದು ಎಚ್‌ಪಿ ಪೆಟ್ರೋಲ್ ಎಂಜಿನ್ ಎಳೆಯೋದಿಲ್ಲ, ಸುಮ್ಮನೆ ರೆಡಿ ಕಂಪ್ರೆಸರ್ ಹೆಡ್ ತಂದು ಕೂರಿಸಿ’ ಎಂದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಹೇಳದವರಿಲ್ಲ. ನಾನೇ ಕಟ್ಟಿದ ಅದೇ ಮಷಿನ್ ಈಗ ಎರಡನೇ ವರ್ಷ ಟ್ರ್ಯಾಕ್ಟರ್ ಟಯರಿಗೂ ನಟ್ಟು ಬಿಚ್ಚುವ ಇಂಪ್ಯಾಕ್ಟ್ ಗನ್ನಿಗೂ ಗಾಳಿ ಕೊಡುತ್ತಿದೆ. ಕೆಟ್ಟದ್ದೆಲ್ಲ ಕೆಟ್ಟದ್ದು ಕರೆಂಟ್ ಮೋಟಾರಿನಲ್ಲಿ ಓಡುವ ಕಂಪ್ರೆಸರಿನ ಡ್ರಾಯಿಂಗನ್ನು ಕಣ್ಣುಮುಚ್ಚಿ ನಕಲು ಮಾಡಿದ ಜಾಗಗಳಲ್ಲೇ.

ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 70 ಎಂಎಂ; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 50 ಎಂಎಂ; ವೇಗ 900 ಆರ್‌ಪಿಎಂ. ಎರಡೂ ಸಿಲಿಂಡರ್ ಸೇರಿ ಲೆಕ್ಕದಲ್ಲಿ ಎಳೆದುಕೊಳ್ಳುವ ಗಾಳಿ ನಿಮಿಷಕ್ಕೆ 346 ಲೀಟರ್. 8 ಬಾರ್ ಒತ್ತಡದಲ್ಲಿ ಕೈಗೆ ಸಿಗುವುದು 250ರ ಆಸುಪಾಸು, ಅದಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಎರಡೂಕಾಲು ಎಚ್‌ಪಿ. ಎಂಜಿನ್ನಿನ ಮೇಲೆ ಬರೆದ ಎಚ್‌ಪಿ 3600 ಆರ್‌ಪಿಎಂನದು. ನಾನು ಓಡಿಸುವುದು 2700ರಲ್ಲಿ, ಅದೂ ಬೆಳಗಾವಿಯ ಎತ್ತರದಲ್ಲಿ. ಹಾಗೆ ಕಳೆದರೂ ಲೆಕ್ಕ ಮುಟ್ಟುತ್ತಿತ್ತು.

ಎಂಜಿನ್ನಿನ ಪುಲ್ಲಿ 4 ಇಂಚು, ಕಂಪ್ರೆಸರಿನ ಫ್ಲೈವೀಲ್ 12 ಇಂಚು. ಮೊದಲು ಒಂದೇ ಬಿ ಸೈಜಿನ ವಿ-ಬೆಲ್ಟ್ ಹಾಕಿದ್ದೆ. ಬಿ ಬೆಲ್ಟಿಗೆ 5 ಇಂಚಿಗಿಂತ ಚಿಕ್ಕ ಪುಲ್ಲಿ ಆಗಿಬರುವುದಿಲ್ಲ. ಇಪ್ಪತ್ತು ದಿನಕ್ಕೆಲ್ಲ ಹೊಟ್ಟೆ ಸೀಳಿಕೊಂಡಿತು. ಅದಕ್ಕಿಂತ ತೆಳುವಾದ ಎರಡು ಎ ಬೆಲ್ಟ್ ಹಾಕಿದ ಮೇಲೆ ಆ ಕಡೆ ತಿರುಗಿ ನೋಡಿಲ್ಲ. ಫ್ಲೈವೀಲನ್ನು ಪ್ಲೇಟ್ ಕತ್ತರಿಸಿ ಆರು ಕೆಜಿಯಲ್ಲಿ ಮುಗಿಸಿದ್ದೂ ತಪ್ಪೇ. ಒಂದೇ ಸಿಲಿಂಡರಿನ ಎಂಜಿನ್ ಒದ್ದು ಒದ್ದು ತಿರುಗಿಸುತ್ತದೆ, ಮೋಟಾರಿನ ಹಾಗೆ ಸಮನಾಗಿ ಅಲ್ಲ. ಬೆಲ್ಟ್ ಹೊಡೆದುಕೊಂಡು ಕೀ ಕೂರುವ ಗಾಡಿ, ಅಂದರೆ ಕೀವೇ, ಅಗಲವಾಯಿತು. ಈಗಿರುವುದು ಎರಕದ್ದು, 14 ಕೆಜಿ. ಅದರ ಕಡ್ಡಿಗಳನ್ನೇ ಫ್ಯಾನ್ ರೆಕ್ಕೆ ಮಾಡಿದ್ದೇನೆ. ರೆಕ್ಕೆ ಎಷ್ಟು ಡಿಗ್ರಿ ಅಂತ ಮಾತ್ರ ಕೇಳಬೇಡಿ. ಎಂಜಿನ್ ತಿರುಗುವ ದಿಕ್ಕು ನೋಡಿಯೇ ಎರಕದ ಮಾದರಿ, ಅಂದರೆ ಪ್ಯಾಟರ್ನ್, ಮಾಡಿಸಿ, ಇಲ್ಲವಾದರೆ ಗಾಳಿ ಸಿಲಿಂಡರ್ ಬಿಟ್ಟು ಹೊರಕ್ಕೆ ಹೋಗುತ್ತದೆ.

ಸಿಲಿಂಡರುಗಳನ್ನು 90 ಡಿಗ್ರಿ ವಿ ಆಗಿ ಇಟ್ಟು ಪಿಸ್ಟನ್ನಿನ ಎರಡೂ ರಾಡನ್ನು ಒಂದೇ ಕ್ರ್ಯಾಂಕ್ ಪಿನ್ನಿಗೆ ಕಟ್ಟಿದೆ. ಆಗ ಕ್ರ್ಯಾಂಕಿನ ಎದುರು ಬದಿಯ ಕೌಂಟರ್‌ವೇಟಿಗೆ ತಿರುಗುವ ತೂಕದ ಜೊತೆ ಒಂದು ಪಿಸ್ಟನ್ನಿನ ಪೂರ್ತಿ ತೂಕ ಸೇರಿಸಿದರೆ ಮುಖ್ಯ ಅದುರಾಟ ಹೋಗುತ್ತದೆ.

ಹೆಚ್ಚು ದುಡ್ಡು ತಿಂದದ್ದು ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್. 8 ಬಾರ್‌ಗೆ ಪಿಸ್ಟನ್ ಮೇಲೆ ಬೀಳುವುದು 310 ಕೆಜಿ ಸುಮಾರು. 16 ಎಂಎಂ ಪಿನ್ನು, ಗನ್‌ಮೆಟಲ್ ಬುಶ್, ಲೆಕ್ಕದಲ್ಲಿ ಧಾರಾಳ. ಆದರೂ ಮೂರು ಸಲ ಬುಶ್ ಒಂದೇ ಮಗ್ಗುಲಿಗೆ ಸವೆಯಿತು. 900 ಆರ್‌ಪಿಎಂನಲ್ಲಿ ಪಿನ್ನನ್ನು ಆಚೆ ಬದಿಗೆ ಎಳೆಯಬೇಕಾದ ಪಿಸ್ಟನ್ನಿನ ಎಳೆತ ಹತ್ತು ಕೆಜಿಯೂ ಇಲ್ಲ, ಹಾಗಾಗಿ ಪಿನ್ನು ಬುಶ್ಶಿನ ಒಂದೇ ಬದಿಗೆ ಒತ್ತಿಕೊಂಡಿರುತ್ತದೆ, ಎಣ್ಣೆ ನುಗ್ಗಲು ಸಂದಿಯೇ ತೆರೆಯುವುದಿಲ್ಲ. ಬುಶ್ ಬಿಟ್ಟು ಎಚ್‌ಕೆ 1616 ನೀಡಲ್ ಬೇರಿಂಗ್ ಒತ್ತಿದೆ, ಪಿನ್ನಿನ ಮೈ ಗಟ್ಟಿಯಾಗಲು ಕೇಸ್ ಹಾರ್ಡನಿಂಗ್ ಮಾಡಿಸಿದೆ. ಸದ್ದು ನಿಂತಿತು.

ವಾಲ್ವ್ ಪ್ಲೇಟಿನಲ್ಲಿ ಸಿಲಿಂಡರಿಗೆ 8.5 ಎಂಎಂನ ಮೂರು ತೂತು, ತೂತು ಮುಚ್ಚಿ ತೆರೆಯುವ ತೆಳು ಪಟ್ಟಿ, ಅಂದರೆ ರೀಡ್, 0.3 ಎಂಎಂ ವಾಲ್ವ್ ಸ್ಟೀಲ್. ಅದು ಏಳುವ ಎತ್ತರ, ಲಿಫ್ಟ್, 3 ಎಂಎಂ ಬಿಟ್ಟಾಗ ಗಾಳಿ ಹೊರಬಿಡುವ ಡೆಲಿವರಿ ರೀಡು ಬಡಿದು ಬಡಿದು ಮುರಿಯಿತು; 1.5ಕ್ಕೆ ಇಳಿಸಿದೆ. ಪಟ್ಟಿಯ ರೋಲಿಂಗ್ ದಿಕ್ಕಿಗೇ ಉದ್ದ ಬರುವಂತೆ ಕತ್ತರಿಸಬೇಕು. ಅಂಚು ಉಜ್ಜುವ ವಿದ್ಯೆ ನನ್ನ ಹತ್ತಿರವೇ ಇರಲಿ. ಪಿಸ್ಟನ್ ಮೇಲಕ್ಕೆ ಬಂದಾಗಲೂ ಹೆಡ್ಡಿನಲ್ಲಿ ಉಳಿಯುವ ಜಾಗ ಮೊದಲ ಸಲ ಸ್ಟ್ರೋಕಿನ ಶೇ. 10 ಇತ್ತು, 150 ಲೀಟರ್ ಟ್ಯಾಂಕ್ ತುಂಬಲು ಐದೂವರೆ ನಿಮಿಷ. ತೆಳು ಗ್ಯಾಸ್ಕೆಟ್ ಹಾಕಿ ಶೇ. 4ಕ್ಕೆ ತಂದ ಮೇಲೆ ನಾಲ್ಕೂವರೆ.

ಮೋಟಾರಾದರೆ ಪ್ರೆಶರ್ ಸ್ವಿಚ್ಚೇ ನಿಲ್ಲಿಸುತ್ತದೆ. ಎಂಜಿನ್ ಓಡುತ್ತಲೇ ಇರಬೇಕು, ಆದ್ದರಿಂದ 8 ಬಾರ್‌ಗೆ ಗಾಳಿ ಒಳಬಿಡುವ ಸಕ್ಷನ್ ರೀಡನ್ನು ತೆರೆದೇ ಇರುವಂತೆ ಒತ್ತಿ ಹಿಡಿಯುವ ಅನ್‌ಲೋಡರ್, ಜೊತೆಗೆ ಥ್ರಾಟಲ್ ಇಳಿಸುವ ಒಂದು ಪುಟ್ಟ ಏರ್ ಸಿಲಿಂಡರ್. ಎರಡೂ ಒಟ್ಟಿಗೆ ಆದರೆ ಎಂಜಿನ್ ಸತ್ತೇಹೋಗುತ್ತದೆ. ಬಿಡುವಾಗ ಮೊದಲು ಲೋಡ್ ಹೋಗಬೇಕು, ಆಮೇಲೆ ಥ್ರಾಟಲ್ ಬೀಳಬೇಕು, ಒತ್ತಡ 6.5 ಬಾರ್‌ಗೆ ಇಳಿದು ಮತ್ತೆ ಲೋಡ್ ಹಿಡಿಯುವಾಗ ಮೊದಲು ಥ್ರಾಟಲ್ ಏಳಬೇಕು. ಎರಡು ಲೈನಿಗೂ ಒಂದೇ ದಿಕ್ಕಿಗೆ ಗಾಳಿಯನ್ನು ನಿಧಾನಗೊಳಿಸುವ ಒಂದೊಂದು ಒನ್‌ವೇ ಫ್ಲೋ ಕಂಟ್ರೋಲ್ ಹಾಕಿದ್ದರಿಂದ ಸರಿಹೋಯಿತು. ಇದನ್ನು ಬಿಟ್ಟು, ವೇಗ ಏರಿದಾಗ ತಾನೇ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್ಚೂ ಹಾಕಿ ನೋಡಿದ್ದೆ. 6.5 ಬಾರ್ ಎದುರಿಗೆ ಪದೇ ಪದೇ ಹಿಡಿದು ವಾರದಲ್ಲೇ ಲೈನಿಂಗ್ ಸುಟ್ಟಿತು, ಎರಡೂವರೆ ಸಾವಿರ ಹೊಗೆ.

ಇನ್ನೊಂದು ಹುಚ್ಚು: ಒಂದು ಸಿಲಿಂಡರಿಗೆ 40 ಬೋರಿನ ಲೈನರ್ ತೊಡಿಸಿ, ಗಾಳಿಯನ್ನು ಎರಡು ಹಂತದಲ್ಲಿ ಒತ್ತುವ ಎರಡು ಸ್ಟೇಜ್ ಮಾಡಿದೆ. ಹೆಡ್ ತಣ್ಣಗಾಯಿತು, ಪೆಟ್ರೋಲೂ ಉಳಿಯಿತು. ಆದರೆ ಗಾಳಿ ಅರ್ಧಕ್ಕೆ ಬಂತು, ಆ ಸೈಜಿನ ಪಿಸ್ಟನ್ ರಿಂಗಿಗೆ ಊರೆಲ್ಲ ಅಲೆಯಬೇಕಾಯಿತು. ಬಿಚ್ಚಿ ಇಟ್ಟಿದ್ದೇನೆ.

ಟ್ಯಾಂಕ್ 400 ಎಂಎಂ ವ್ಯಾಸ, 5 ಎಂಎಂ ಪ್ಲೇಟ್, ನೀರು ತುಂಬಿಸಿ 15 ಬಾರ್‌ಗೆ ಟೆಸ್ಟ್. ಸೇಫ್ಟಿ ವಾಲ್ವ್ 9.5ಕ್ಕೆ. ಎಂಜಿನ್ ಬೇಸಿನ ಕಾಲನ್ನು ನೇರ ಟ್ಯಾಂಕಿಗೇ ವೆಲ್ಡ್ ಮಾಡಿದ್ದಕ್ಕೆ ಮೂಲೆಯಲ್ಲಿ ಕೂದಲೆಳೆ ಬಿರುಕು ಬಂತು, ಆ ಟ್ಯಾಂಕ್ ಗುಜರಿಗೆ ಹೋಯಿತು. ಎರಡನೆಯದಕ್ಕೆ ಕಾಲಿನಡಿ ದುಂಡು ಮೂಲೆಯ ಪ್ಯಾಡ್ ಪ್ಲೇಟ್ ಇದೆ. ತಾಮ್ರದ ಡೆಲಿವರಿ ಪೈಪಿಗೂ ಒಂದು ಸುತ್ತು ಕೊಟ್ಟ ಮೇಲೆ ನಟ್ಟಿನ ಬುಡದಲ್ಲಿ ಸೀಳುವುದು ನಿಂತಿತು.

ಎಂಜಿನ್ ಬಿಟ್ಟು ಒಟ್ಟು 78 ಸಾವಿರದ ಹತ್ತಿರ ಹೋಗಿರಬೇಕು. ಅದರಲ್ಲಿ ಪ್ಯಾಟರ್ನ್, ಎರಕ ಸೇರಿ 22. ಗುಜರಿ ಸೇರಿದ್ದೇ 30ರ ಮೇಲೆ. ಪ್ಯಾಟರ್ನ್ ಕೈಯಲ್ಲಿದೆ, ಇನ್ನೊಂದು ಮಾಡಿದರೆ 40ರೊಳಗೆ ಮುಗಿಯುತ್ತದೆ. ‘ಎಳೆಯೋದಿಲ್ಲ’ ಎಂದವರಲ್ಲೇ ಇಬ್ಬರು ಈಗ ರೇಟ್ ಕೇಳಿದ್ದಾರೆ.